ಇಪ್ಪತ್ತನಾಲ್ಕು ಗಂಟೆಯ ಹಾಸಿಗೆ

ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದು. ರೋಗಿಯು ಕನಿಷ್ಠ 24 ಗಂಟೆಗಳ ಕಾಲ ಒಳರೋಗಿಯಾಗಿ ದಾಖಲಾಗಿರದ ಕಾರಣ ಕ್ಲೇಮನ್ನು ತಿರಸ್ಕರಿಸಲಾಗಿದೆ ಎಂದು ವಿಮಾ ಕಂಪನಿಯವರು ಎರಡೇ ಸಾಲಿನಲ್ಲಿ ಮುಗಿಸಿದ್ದರು. ಅಮ್ಮ ಮಡಚಲಾಗದ ಬೆರಳುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಕೊಂಡು ಕೂತಿದ್ದಳು.

"ಬೆಳಗ್ಗೆ ಎಂಟಕ್ಕೆ ಹೋದೋರು ಸಂಜೆ ಐದಕ್ಕೆ ಬಂದ್ವಲ್ಲ. ರಾತ್ರಿ ಅಲ್ಲೇ ಮಲಗಿದ್ದಿದ್ರೆ ಕೊಡ್ತಿದ್ರಾ?"

"ಕೊಡ್ತಿದ್ರು ಅನ್ಸುತ್ತೆ ಕಣಮ್ಮ."

"ಮಲಗೋದಕ್ಕೆ ದುಡ್ಡು ಕೊಡ್ತಾರೆ, ಔಷಧಿಗೆ ಕೊಡಲ್ವಾ? ಇದ್ಯಾವ ಸೀಮೆ ಲೆಕ್ಕ ಕಣೇ?"

ನಾನು ಬೆಂಗಳೂರಿನ ಗಿರಣಿ ಕಾರ್ಮಿಕರ ಆರೋಗ್ಯದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಳೆಯ ಕಡತ, ವರದಿ, ಕಾಯಿದೆಗಳ ನಡುವೆ ನಾಲ್ಕು ವರ್ಷ ಕಳೆದಿದ್ದೇನೆ. ಆದರೂ ಅಮ್ಮನ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. 24 ಗಂಟೆ ಅನ್ನುವ ಈ ಗೆರೆ ಎಲ್ಲಿಂದ ಬಂತು? ವರ್ಷಗಟ್ಟಲೆ ಉಳಿಯುವ ಕಾಯಿಲೆಯನ್ನು ಒಂದು ರಾತ್ರಿಯ ಹಾಸಿಗೆಯಿಂದ ಅಳೆಯಬೇಕೆಂದು ಯಾರು, ಯಾವಾಗ ತೀರ್ಮಾನಿಸಿದರು? ಈ ಪ್ರಬಂಧ ಅಮ್ಮನಿಗೆ ಅವತ್ತು ಕೊಡಲಾಗದೇ ಹೋದ ಉತ್ತರ.

*

ಅಮ್ಮನ ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ತುಮಕೂರು ಕಡೆ 'ವಾಯು' ಎಂದೋ 'ಕೀಲುವಾತ' ಎಂದೋ ಅಂದು ಸುಮ್ಮನಾಗುತ್ತಾರೆ. ಇದರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ವಾಸಿಯಾಗುವಂಥದ್ದಲ್ಲ, ಆದರೆ ಬಿಡದೆ ಔಷಧಿ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ. ಔಷಧಿ ತಪ್ಪಿದರೆ ಕೀಲು ಸವೆದು ಬೆರಳು ಸೊಟ್ಟಗಾಗುತ್ತದೆ, ಹಾಗೆ ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದಿಲ್ಲ.

ಅಮ್ಮ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು. 2012ರಲ್ಲಿ ಕಾಯಿಲೆ ಗೊತ್ತಾಯಿತು. ಅಪ್ಪನೂ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲಿದ್ದರು. ಇಬ್ಬರ ಹತ್ತಿರವೂ ಇಎಸ್‌ಐ ಕಾರ್ಡಿತ್ತು. ಕಾಯಿಲೆಗೆ ವಿಮೆ ಎಂಬುದೊಂದಿದೆ ಎಂದು ನನಗೆ ಮೊದಲು ತಿಳಿದದ್ದು ಆ ಕಾರ್ಡಿನಿಂದ. ಹೈಸ್ಕೂಲಿನ ರಜೆಯಲ್ಲಿ ಅಮ್ಮನ ಜೊತೆ ಡಿಸ್ಪೆನ್ಸರಿಯ ಸಾಲಿನಲ್ಲಿ ನಿಂತು ಮಾತ್ರೆ ತರುತ್ತಿದ್ದೆ. ಸಾಲು ಉದ್ದವಿರುತ್ತಿತ್ತು. ಕೆಲವು ದಿನ ಮಾತ್ರೆ ಇರುತ್ತಿರಲಿಲ್ಲ, 'ಮುಂದಿನ ವಾರ ಬನ್ನಿ' ಅನ್ನುತ್ತಿದ್ದರು. ಆದರೆ 'ನೀವು ರಾತ್ರಿ ಎಲ್ಲಿ ಮಲಗಿದ್ದಿರಿ' ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಆ ಸಾಲಿನ ಮಹತ್ವ ನನಗೆ ತಿಳಿದದ್ದು ಸಂಶೋಧನೆಗೆ ಇಳಿದ ಮೇಲೆ. ಅದರ ಕಥೆ ಶುರುವಾಗುವುದು ಬಹಳ ದೂರದಲ್ಲಿ, ಜರ್ಮನಿಯಲ್ಲಿ.

*

1883ರಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ವಿಮೆಯನ್ನು ಜಾರಿಗೆ ತಂದ. ಕಾರ್ಮಿಕನೂ ಮಾಲೀಕನೂ ಸೇರಿ ವಂತಿಗೆ ಕಟ್ಟಬೇಕು. ಕಾಯಿಲೆ ಬಿದ್ದರೆ ವೈದ್ಯ, ಔಷಧಿ, ಜೊತೆಗೆ 13 ವಾರಗಳವರೆಗೆ ಅರ್ಧ ಕೂಲಿ. ಸಮಾಜವಾದಿಗಳ ಬೆಳವಣಿಗೆಗೆ ತಡೆಯೊಡ್ಡುವ ರಾಜಕೀಯ ಲೆಕ್ಕಾಚಾರ ಅದರ ಹಿಂದಿತ್ತು ಎಂಬುದು ನಿಜ. ಜಗತ್ತಿನ ಬಹುತೇಕ ಸಾಮಾಜಿಕ ವಿಮೆಗಳ ಅಜ್ಜ ಇದೇ ಕಾನೂನು ಎಂಬುದೂ ಅಷ್ಟೇ ನಿಜ.

13 ವಾರ ದಾಟಿದ ಕಾಯಿಲೆಗೆ ಏನು ಗತಿ? ಅಂದಿನ ಕಾರ್ಖಾನೆಗಳನ್ನು ತಿನ್ನುತ್ತಿದ್ದ ಕಾಯಿಲೆ ಕ್ಷಯ. ಅದು 13 ವಾರಕ್ಕೆ ಬಂದು ಹೋಗುವ ನೆಂಟನಲ್ಲ. 1889ರಲ್ಲಿ ಜರ್ಮನಿ ವೃದ್ಧಾಪ್ಯ ಮತ್ತು ಅಶಕ್ತತೆಯ ವಿಮೆಯನ್ನೂ ತಂದಿತು. ದುಡಿಯಲು ಆಗದೇ ಹೋದವರಿಗೆ ಪಿಂಚಣಿ. ಪಿಂಚಣಿಯ ಅರ್ಜಿಗಳು ಬರತೊಡಗಿದಾಗ ವಿಮಾ ಸಂಸ್ಥೆಗಳಿಗೆ ಒಂದು ಸಂಗತಿ ಕಾಣಿಸಿತು. ಅರ್ಜಿ ಹಾಕುತ್ತಿದ್ದ ಎಳೆಯ ವಯಸ್ಸಿನ ಕಾರ್ಮಿಕರಲ್ಲಿ ದೊಡ್ಡ ಪಾಲು ಕ್ಷಯರೋಗಿಗಳು. ಅವರಿಗೆ ಬದುಕಿರುವಷ್ಟು ಕಾಲ ಪಿಂಚಣಿ ಕೊಡುವುದಕ್ಕಿಂತ, ಈಗಲೇ ತಿಂಗಳುಗಟ್ಟಲೆ ಚಿಕಿತ್ಸೆ ಕೊಟ್ಟು ಮತ್ತೆ ಕೆಲಸಕ್ಕೆ ಕಳಿಸುವುದು ಅಗ್ಗ. ಅಶಕ್ತತೆಯನ್ನು ತಪ್ಪಿಸುವುದಾದರೆ ಚಿಕಿತ್ಸೆಯ ಖರ್ಚನ್ನು ವಿಮಾ ಸಂಸ್ಥೆಯೇ ವಹಿಸಿಕೊಳ್ಳಬಹುದು ಎಂಬ ಅವಕಾಶವೂ ಆ ಕಾನೂನಿನಲ್ಲಿತ್ತು. ಹಾಗಾಗಿ ವಿಮೆಯ ಹಣದಲ್ಲಿ ಸ್ಯಾನಟೋರಿಯಂಗಳು ಎದ್ದವು. ಬರ್ಲಿನ್ನಿನ ಹೊರಗೆ, ಬೇಲಿಟ್ಸ್ ಎಂಬಲ್ಲಿ ಪೈನ್ ಕಾಡಿನ ನಡುವೆ 1898ರಿಂದ ಕಟ್ಟಲಾರಂಭಿಸಿದ ಊರಿನಷ್ಟು ದೊಡ್ಡ ಆಸ್ಪತ್ರೆ ಸಂಕೀರ್ಣ ಅಂಥದ್ದೊಂದು. ಅದನ್ನು ಕಟ್ಟಿಸಿದ್ದು ಬರ್ಲಿನ್ನಿನ ಪ್ರಾದೇಶಿಕ ವಿಮಾ ಸಂಸ್ಥೆ.

ಕ್ಷಯಕ್ಕೆ ಆಗ ಮದ್ದಿರಲಿಲ್ಲ. ಒಳ್ಳೆಯ ಗಾಳಿ, ಊಟ, ವಿಶ್ರಾಂತಿಯಿಂದ ಎಷ್ಟು ಮಂದಿ ನಿಜಕ್ಕೂ ಗುಣವಾದರು ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಜಗಳವಿದೆ. ನನ್ನ ಗಮನ ಸೆಳೆದದ್ದು ಆ ವಿಮಾ ಸಂಸ್ಥೆಗಳ ತರ್ಕ. ದೀರ್ಘ ಕಾಯಿಲೆಯನ್ನು ದೂರ ಇಡಬೇಕಾದ ನಷ್ಟವೆಂದು ಅವರು ನೋಡಲಿಲ್ಲ. ಮೊದಲೇ ಚಿಕಿತ್ಸೆ ಕೊಟ್ಟರೆ ತಮಗೇ ಉಳಿತಾಯವೆಂದು ನೋಡಿದರು. ಯಾಕೆಂದರೆ ಚಿಕಿತ್ಸೆ ಕೊಡದಿದ್ದರೆ ಆಗುವ ನಷ್ಟವೂ ಅವರ ತಲೆಯ ಮೇಲೆಯೇ ಬೀಳುತ್ತಿತ್ತು.

ಬ್ರಿಟನ್ 1911ರಲ್ಲಿ ತನ್ನ ರಾಷ್ಟ್ರೀಯ ವಿಮಾ ಕಾಯಿದೆ ತಂದಾಗ 'ಸ್ಯಾನಟೋರಿಯಂ ಸೌಲಭ್ಯ' ಎಂಬ ಪ್ರತ್ಯೇಕ ಬಾಬನ್ನೇ ಇಟ್ಟಿತು. ಅದು ಕ್ಷಯಕ್ಕೆಂದೇ ಮೀಸಲು. ಹತ್ತು ವರ್ಷದೊಳಗೆ ಆ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಹೇಗೇ ಇರಲಿ, ಆರೋಗ್ಯ ವಿಮೆಯ ಆರಂಭದ ದಿನಗಳಲ್ಲಿ ವರ್ಷಗಟ್ಟಲೆ ಎಳೆಯುವ ಕಾಯಿಲೆ ವಿಮೆಯ ಹೊರಗೆ ನಿಂತಿರಲಿಲ್ಲ. ವಿಮೆಗೆ ಅದೇ ಒಂದು ಮುಖ್ಯ ಕಾರಣವಾಗಿತ್ತು.

*

ಭಾರತದಲ್ಲಿ ಈ ಮಾತು ತಡವಾಗಿ ಎದ್ದಿತು. 1927ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಾಯಿಲೆ ವಿಮೆಯ ಬಗ್ಗೆ ಒಡಂಬಡಿಕೆಗಳನ್ನು ಅಂಗೀಕರಿಸಿತು. ಬ್ರಿಟಿಷ್ ಭಾರತದ ಸರ್ಕಾರ ಅವನ್ನು ಒಪ್ಪಿಕೊಳ್ಳಲಿಲ್ಲ. ಇಲ್ಲಿಯ ಕಾರ್ಮಿಕ ವರ್ಷಕ್ಕೊಮ್ಮೆ ಊರಿಗೆ ಹೋಗಿಬಿಡುತ್ತಾನೆ, ಕಾಯಿಲೆ ಬಂದರಂತೂ ಹಳ್ಳಿ ಸೇರುತ್ತಾನೆ, ಅಲ್ಲಿ ವೈದ್ಯರಿಲ್ಲ, ಇಂಥವನಿಗೆ ವಿಮೆ ಮಾಡುವುದು ಹೇಗೆ ಎಂಬುದು ವಾದ. ಕಾಯಿಲೆ ಬಿದ್ದವನು ಊರಿಗೆ ಹೋಗುತ್ತಿದ್ದುದು ಇಲ್ಲಿ ವಿಮೆಯಿಲ್ಲದ್ದರಿಂದ ಎಂಬುದು ಆ ವಾದಕ್ಕೆ ಕಾಣಿಸಲಿಲ್ಲ.

1931ರಲ್ಲಿ ಕಾರ್ಮಿಕರ ಕುರಿತ ರಾಯಲ್ ಕಮಿಷನ್ ಈ ವಿಷಯವನ್ನು ಮತ್ತೆ ಎತ್ತಿತು. 1943ರಲ್ಲಿ ಆರೋಗ್ಯ ವಿಮೆಯ ಯೋಜನೆಯೊಂದನ್ನು ರೂಪಿಸಲು ಪ್ರೊ. ಬಿ.ಪಿ. ಅದಾರ್ಕರ್ ಅವರನ್ನು ನೇಮಿಸಲಾಯಿತು. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಆಗ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್. 1944ರ ಆಗಸ್ಟಿನಲ್ಲಿ ಅದಾರ್ಕರ್ ವರದಿ ಬಂತು. ಅದನ್ನು ತಿದ್ದಿ ಹಿಗ್ಗಿಸಿದ ರೂಪವೇ 1948ರ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ನಮ್ಮ ಇಎಸ್‌ಐ. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಅದು ಜಾರಿಗೆ ಬಂತು. ಬೆಂಗಳೂರಿಗೆ ಬಂದದ್ದು 1958ರಲ್ಲಿ.

ಇಎಸ್‌ಐಯ ಲೆಕ್ಕ ಸರಳ. ಸಂಬಳದಲ್ಲಿ ಒಂದು ಪಾಲು ಕಾರ್ಮಿಕನದು, ಅದಕ್ಕಿಂತ ದೊಡ್ಡ ಪಾಲು ಮಾಲೀಕನದು. ಗಟ್ಟಿಮುಟ್ಟಾಗಿರುವ ಇಪ್ಪತ್ತರ ಹುಡುಗನೂ ಕಟ್ಟಬೇಕು, ಕೆಮ್ಮುವ ಐವತ್ತರ ಮನುಷ್ಯನೂ ಕಟ್ಟಬೇಕು. 'ನಿಮಗೆ ಮೊದಲೇ ಏನಾದರೂ ಕಾಯಿಲೆ ಇತ್ತೇ' ಎಂಬ ಪ್ರಶ್ನೆ ಅಲ್ಲಿಲ್ಲ. ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಮಲಗಲೇಬೇಕು ಎಂಬ ಷರತ್ತೂ ಇಲ್ಲ. ಡಿಸ್ಪೆನ್ಸರಿಯ ಸಾಲಿನಲ್ಲಿ ಸಿಗುವ ಒಂದು ಎಲೆ ಮಾತ್ರೆಯೂ ವಿಮೆಯೇ.

ಕೂಲಿಯ ನಷ್ಟಕ್ಕೆ ಕೊಡುವ ಹಣಕ್ಕೆ ಮಾತ್ರ ಮೊದಲಿಗೆ ಮಿತಿ ಹಾಕಿದ್ದರು. ವರ್ಷಕ್ಕೆ 56 ದಿನ. ಕ್ಷಯ ಇಲ್ಲಿಯೂ ಆ ಲೆಕ್ಕವನ್ನು ಮುರಿಯಿತು. 56 ದಿನಕ್ಕೆ ವಾಸಿಯಾಗದ ಕ್ಷಯರೋಗಿಗಳಿಗಾಗಿ 'ವಿಸ್ತೃತ ಅನಾರೋಗ್ಯ ಸೌಲಭ್ಯ' ಎಂಬುದನ್ನು ಸೇರಿಸಬೇಕಾಯಿತು. ಕಾಲಕ್ರಮದಲ್ಲಿ ಅದೊಂದು ಪಟ್ಟಿಯಾಗಿ ಬೆಳೆಯಿತು. ಇವತ್ತು ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ ಹಣ ಸಿಗುತ್ತದೆ. ಪಟ್ಟಿಯಲ್ಲಿರುವ 34 ದೀರ್ಘಕಾಲದ ಕಾಯಿಲೆಗಳಿಗೆ, ಅರ್ಹತೆಯ ಷರತ್ತುಗಳು ಪೂರೈಸಿದರೆ, ಎರಡು ವರ್ಷದವರೆಗೆ ಕೂಲಿಯ 80 ಪ್ರತಿಶತ. ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಶ್ವವಾಯು, ಪಾರ್ಕಿನ್ಸನ್, ಮೂತ್ರಪಿಂಡದ ವೈಫಲ್ಯ, ಸ್ಕಿಜೋಫ್ರೀನಿಯಾ ಎಲ್ಲವೂ ಅದರಲ್ಲಿವೆ.

ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ನಾನು ಸಂಶೋಧಕಿಯಾಗಿ ಓದಲಿಲ್ಲ. ಅಮ್ಮನ ಕಾಯಿಲೆಯ ಹೆಸರಿಗಾಗಿ ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ. 2013ರಲ್ಲಿ ಅಮ್ಮ 91 ದಿನ ಮುಗಿಸಿ ಕೆಲಸ ಬಿಟ್ಟಿದ್ದಳು. ಆಗ ನಾವೆಲ್ಲ ಅದನ್ನು ಅಮ್ಮನ ತೀರ್ಮಾನ ಎಂದುಕೊಂಡಿದ್ದೆವು. ಒಳ್ಳೆಯ ಪಟ್ಟಿಗೂ ಒಂದು ಹೊರಗಡೆ ಇರುತ್ತದೆ. ಆದರೂ ಒಂದು ಮಾತು ಹೇಳಬೇಕು. ಹಣ ನಿಂತಿತು, ಮಾತ್ರೆ ನಿಲ್ಲಲಿಲ್ಲ. ಅಪ್ಪನ ಕಾರ್ಡಿನಲ್ಲಿ ಅಮ್ಮನ ಹೆಸರಿತ್ತು. ಆ ಹೆಸರಿನ ಬಲದ ಮೇಲೆ ಇನ್ನೂ ಒಂಬತ್ತು ವರ್ಷ ಸಾಲಿನಲ್ಲಿ ನಿಂತೆವು.

*

ಈಗ ಹಾಸಿಗೆಯ ವಿಷಯಕ್ಕೆ ಬರುತ್ತೇನೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಷಯಕ್ಕೆ ಚಿಕಿತ್ಸೆ ಎಂದರೆ ಹಾಸಿಗೆ ಎಂದೇ ಅರ್ಥ. ಮೈಸೂರಿನಲ್ಲಿ ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಯಾನಟೋರಿಯಂ ಬಂದದ್ದು ಇದೇ ನಂಬಿಕೆಯಲ್ಲಿ. ಆದರೆ ದೇಶದ ಕ್ಷಯರೋಗಿಗಳ ಸಂಖ್ಯೆಯ ಮುಂದೆ ಇದ್ದ ಹಾಸಿಗೆಗಳು ಏನೇನೂ ಅಲ್ಲ. ಹಾಸಿಗೆಯೇ ಚಿಕಿತ್ಸೆಯಾದರೆ ಬಹುಪಾಲು ಜನರಿಗೆ ಚಿಕಿತ್ಸೆಯೇ ಇಲ್ಲ ಎಂದಾಗುತ್ತಿತ್ತು.

1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ್ದು. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯ ಅದರ ಮುಂದಾಳು. ನಗರದ ಬಡ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಒಂದು ವರ್ಷ ಅದೇ ಔಷಧಿ. ಒಂದು ಗುಂಪು ಸ್ಯಾನಟೋರಿಯಂನಲ್ಲಿ, ಒಳ್ಳೆಯ ಊಟ, ವಿಶ್ರಾಂತಿ, ದಾದಿಯರ ಆರೈಕೆಯಲ್ಲಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲಿ, ಸಿಕ್ಕಷ್ಟು ಉಂಡುಕೊಂಡು. ಇವರು ಕ್ಲಿನಿಕ್ಕಿಗೆ ಬಂದು ಮಾತ್ರೆ ಒಯ್ಯುತ್ತಿದ್ದರು.

1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ವೈದ್ಯರನ್ನು ಬೆರಗುಗೊಳಿಸಿತು. ಮನೆಯಲ್ಲಿದ್ದವರು ಹೆಚ್ಚುಕಡಿಮೆ ಆಸ್ಪತ್ರೆಯಲ್ಲಿದ್ದವರಷ್ಟೇ ಗುಣವಾಗಿದ್ದರು. ಅವರ ಮನೆಯವರಿಗೆ ರೋಗ ಹೆಚ್ಚು ಹರಡಿಯೂ ಇರಲಿಲ್ಲ. ಗುಣಪಡಿಸಿದ್ದು ಮಾತ್ರೆ, ಮತ್ತು ಅದನ್ನು ಬಿಡದೆ ತೆಗೆದುಕೊಂಡದ್ದು. ಮುಂದೆ ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಬಾಗಿಲು ಮುಚ್ಚಿದ್ದರಲ್ಲಿ ಈ ಫಲಿತಾಂಶದ ಪಾತ್ರ ದೊಡ್ಡದು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ದೇಶದ ಕ್ಷಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ತತ್ವದ ಮೇಲೆ ರೂಪುಗೊಂಡಿತು.

ದೀರ್ಘಕಾಲದ ಕಾಯಿಲೆಗೆ ಹಾಸಿಗೆ ಮುಖ್ಯವಲ್ಲ, ಔಷಧಿ ತಪ್ಪದಿರುವುದು ಮುಖ್ಯ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಊರು. ಇದನ್ನು ಓದಿದ ದಿನ ನನಗೆ ಅಮ್ಮನ ಪತ್ರ ನೆನಪಾಯಿತು. 27 ವರ್ಷಗಳ ನಂತರ ಇದೇ ದೇಶದಲ್ಲಿ ಹೊಸದೊಂದು ವಿಮೆ ಬಂತು. ಅದು ಹಾಸಿಗೆಯನ್ನೇ ಮೊದಲ ಷರತ್ತು ಮಾಡಿಕೊಂಡಿತು.

*

1986ರಲ್ಲಿ ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್ನಿನ ನಾಲ್ಕು ಅಂಗಸಂಸ್ಥೆಗಳು 'ಮೆಡಿಕ್ಲೇಮ್' ಎಂಬ ಪಾಲಿಸಿಯನ್ನು ತಂದವು. ಇಎಸ್‌ಐ ಕಾರ್ಮಿಕರಿಗಿತ್ತು. ಕೇಂದ್ರ ಸರ್ಕಾರದ ನೌಕರರಿಗೆ 1954ರಿಂದಲೇ ತಮ್ಮದೇ ಆರೋಗ್ಯ ಯೋಜನೆಯಿತ್ತು. ಎರಡಕ್ಕೂ ಸೇರದ ಮಧ್ಯಮವರ್ಗದ ಮಂದಿ ದುಡ್ಡು ಕೊಟ್ಟು ಕೊಳ್ಳಬಹುದಾದ ಆರೋಗ್ಯ ವಿಮೆ ಇದು. ಇವತ್ತಿನ ಬಹುತೇಕ ಖಾಸಗಿ ಪಾಲಿಸಿಗಳ ಮೂಲ ಅಚ್ಚೂ ಇದೇ.

ಇದನ್ನು ಮಾರಿದ ಕಂಪನಿಗಳು ಅಲ್ಲಿಯವರೆಗೆ ಮಾಡುತ್ತಿದ್ದುದು ಬೆಂಕಿ ವಿಮೆ, ಹಡಗಿನ ಸರಕಿನ ವಿಮೆ, ವಾಹನ ವಿಮೆ. ಅಂಗಡಿಗೆ ಬೆಂಕಿ ಬೀಳುತ್ತದೆ, ಲಾರಿ ಮಗುಚುತ್ತದೆ, ಸರ್ವೇಯರ್ ಬಂದು ನೋಡುತ್ತಾನೆ, ಬಿಲ್ಲು ಪಾವತಿಯಾಗುತ್ತದೆ. ಅಲ್ಲಿ ನಷ್ಟಕ್ಕೆ ಒಂದು ತಾರೀಖು ಇರುತ್ತದೆ, ಆರಂಭ ಇರುತ್ತದೆ, ಕೊನೆ ಇರುತ್ತದೆ. ಕಾಯಿಲೆಯನ್ನೂ ಅದೇ ಅಚ್ಚಿಗೆ ಹೊಯ್ದಾಗ ಅದು ಒಂದು ಅಪಘಾತದ ಹಾಗೆ ಆಗಬೇಕಾಯಿತು. ಅಪಘಾತ ನಡೆದದ್ದಕ್ಕೆ ಸಾಕ್ಷಿ ಬೇಕಲ್ಲ? ಆಸ್ಪತ್ರೆಗೆ ದಾಖಲಾದ ಸಮಯ, ಬಿಡುಗಡೆಯಾದ ಸಮಯ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು. 24 ಗಂಟೆಯ ಗೆರೆ ಬಂದದ್ದು ಹೀಗೆ ಎಂದು ನಾನು ಓದಿಕೊಳ್ಳುತ್ತೇನೆ. ಕಾಯಿಲೆ ಎಷ್ಟು ತೀವ್ರ ಎಂಬುದಕ್ಕೆ ವೈದ್ಯರ ಅಳತೆಗಳು ಬೇರೆ ಇವೆ. ಇದು ಲೆಕ್ಕ ಬರೆಯುವವರಿಗೆ ಅನುಕೂಲವಾದ ಅಳತೆ.

ಮೆಡಿಕ್ಲೇಮಿನಲ್ಲಿ ಇನ್ನೊಂದು ಬಾಬಿತ್ತು. ರೋಗಿಯನ್ನು ಆಸ್ಪತ್ರೆಗೆ ಸಾಗಿಸಲಾಗದಿದ್ದರೆ ಅಥವಾ ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಮನೆಯಲ್ಲೇ ಕೊಡುವ ಚಿಕಿತ್ಸೆಗೂ ಹಣ ಸಿಗುತ್ತಿತ್ತು. ಆದರೆ ಆ ಬಾಬಿನ ಕೆಳಗೆ, ಯಾವ ಕಾಯಿಲೆಗಳಿಗೆ ಇದು ಅನ್ವಯಿಸುವುದಿಲ್ಲ ಎಂಬ ಪಟ್ಟಿಯಿತ್ತು. ಅಸ್ತಮಾ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ ರೋಗ, ಮೂತ್ರಪಿಂಡದ ದೀರ್ಘಕಾಲದ ಉರಿಯೂತ, ಎಲ್ಲ ಬಗೆಯ ಮಾನಸಿಕ ಕಾಯಿಲೆಗಳು, ಆಮೇಲೆ ಸಂಧಿವಾತ, ಗೌಟ್, ರುಮಾಟಿಸಂ. ಈ ಪಟ್ಟಿಯಲ್ಲಿ ಅಮ್ಮ ಸಿಕ್ಕಳು.

ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಒಂದು ಪಟ್ಟಿ ಕಾಯಿಲೆ ಉದ್ದವಾಗಿದೆ ಎಂಬ ಕಾರಣಕ್ಕೆ ಒಳಗೆ ಕರೆಯುತ್ತದೆ. ಇನ್ನೊಂದು ಪಟ್ಟಿಯಲ್ಲಿ ನೆಗಡಿ, ಕೆಮ್ಮಿನಂಥ ಸಣ್ಣಪುಟ್ಟವೂ ಇವೆ. ಅವನ್ನು ಬಿಟ್ಟರೆ ಉಳಿದದ್ದೆಲ್ಲ ವರ್ಷಗಟ್ಟಲೆ ಮಾತ್ರೆ ಬೇಡುವ ಕಾಯಿಲೆಗಳು, ಎಲ್ಲವೂ ಹೊರಗೆ.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು, ಅದು ಸುಳ್ಳಲ್ಲ. ಉರಿಯುತ್ತಿರುವ ಮನೆಗೆ ಯಾರೂ ಬೆಂಕಿ ವಿಮೆ ಕೊಡುವುದಿಲ್ಲ. ಆಗಬಹುದಾದದ್ದಕ್ಕೆ ವಿಮೆ, ಆಗಿಹೋದದ್ದಕ್ಕಲ್ಲ. ಕಾಯಿಲೆ ಬಂದ ಮೇಲೆ ಪಾಲಿಸಿ ಕೊಳ್ಳಬಹುದು ಎಂದಾದರೆ ಆರೋಗ್ಯವಂತರು ಯಾರೂ ಕೊಳ್ಳುವುದಿಲ್ಲ. ಉಳಿದ ರೋಗಿಗಳ ಖರ್ಚನ್ನೆಲ್ಲ ರೋಗಿಗಳೇ ಹೊರಬೇಕಾಗುತ್ತದೆ, ಪ್ರೀಮಿಯಂ ಕೈಗೆಟುಕದಂತಾಗುತ್ತದೆ. ಇಷ್ಟವಿದ್ದವರು ಸೇರುವ ವಿಮೆಯಲ್ಲಿ ಈ ತೊಡಕು ಇದ್ದದ್ದೇ. ಇಎಸ್‌ಐ ಈ ತೊಡಕನ್ನು ದಾಟಿದ್ದು ದಯೆಯಿಂದ ಅಲ್ಲ, ಕಡ್ಡಾಯದಿಂದ. ಕಾಯಿಲೆ ಬರುವ ಮೊದಲೇ ಎಲ್ಲರೂ ಒಳಗಿರುತ್ತಾರೆ. ಹಾಗಾಗಿ 'ಮೊದಲೇ ಇದ್ದ ಕಾಯಿಲೆ' ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಆ ಮಾತಿಗೆ ಜಾಗ ಸಿಗುವುದು ಒಂದು ವಿಮೆಯಿಂದ ಇನ್ನೊಂದಕ್ಕೆ ದಾಟುವಾಗ. ನಮ್ಮ ಮನೆಗೆ ಆ ಗಳಿಗೆ ಬಂದದ್ದು ಸಿಹಿ ಹಂಚುವ ದಿನದಂದು.

*

2021ರಲ್ಲಿ ಅಪ್ಪ ಸೂಪರ್‌ವೈಸರ್ ಆದರು. ಸಂಬಳ 21,000 ರೂಪಾಯಿ ದಾಟಿತು. ಇಎಸ್‌ಐಗೆ ಸಂಬಳದ ಮಿತಿಯಿದೆ. 1948ರಲ್ಲಿ ತಿಂಗಳಿಗೆ 400 ರೂಪಾಯಿ ಇದ್ದದ್ದು ಏರುತ್ತಾ 2017ರ ಜನವರಿಯಿಂದ 21,000 ಆಗಿದೆ. ಸಂಬಳ ಏರಿದ ದಿನವೇ ಕಾರ್ಡು ರದ್ದಾಗುವುದಿಲ್ಲ. ಆ ಅರ್ಧ ವರ್ಷದ ವಂತಿಗೆ ಅವಧಿ ಮುಗಿಯಬೇಕು, ಆಮೇಲೂ ಕೆಲವು ತಿಂಗಳು ಸೌಲಭ್ಯ ಉಳಿಯುತ್ತದೆ. ಆ ತಿಂಗಳುಗಳೂ ಕಳೆದವು. 2022ರ ಮಳೆಗಾಲದಲ್ಲಿ ಅಮ್ಮ ಡಿಸ್ಪೆನ್ಸರಿಯಿಂದ ಬರಿಗೈಲಿ ಬಂದಳು. "ನಿಮ್ಮ ಯಜಮಾನ್ರು ಈಗ ದೊಡ್ಡೋರಾಗವ್ರಂತೆ" ಎಂದು ಕೌಂಟರಿನವರು ನಕ್ಕರಂತೆ. ಅಪ್ಪ ಆ ರಾತ್ರಿ, "ಈ ಪ್ರಮೋಷನ್ ಬೇಡ ಅಂತ ಬರೆದುಕೊಟ್ರೆ ಆಗುತ್ತೇನಮ್ಮ?" ಎಂದು ನನ್ನನ್ನು ಕೇಳಿದರು. ಓದಿದ ಮಗಳಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು.

ನಾವೇ ಪಾಲಿಸಿ ಮಾಡಿಸಲು ಹೋದರೆ ಅಮ್ಮನದು ಮೊದಲೇ ಇದ್ದ ಕಾಯಿಲೆ. ಆಗಿನ ನಿಯಮದಂತೆ ನಾಲ್ಕು ವರ್ಷದವರೆಗೂ ಕಾಯಿಸಬಹುದಿತ್ತು. ಹತ್ತು ವರ್ಷ ಅಮ್ಮನ ಕಾಯಿಲೆಯ ಲೆಕ್ಕ ಇಟ್ಟ ವಿಮೆಯೊಂದು ದೇಶದಲ್ಲಿದ್ದರೂ, ಇನ್ನೊಂದು ವಿಮೆಯ ಕಣ್ಣಿಗೆ ಅಮ್ಮ ಅವತ್ತು ತಾನೇ ಬಾಗಿಲಿಗೆ ಬಂದ ರೋಗಿ. ನನ್ನ ಹತ್ತಿರ ಇದ್ದದ್ದು ಫೆಲೋಶಿಪ್. ಸಂಶೋಧನಾ ವಿದ್ಯಾರ್ಥಿಗೆ ಮಾಲೀಕನಿಲ್ಲ, ಆದ್ದರಿಂದ ಇಎಸ್‌ಐಯೂ ಇಲ್ಲ.

ಅಪ್ಪನ ಕಾರ್ಖಾನೆಯಲ್ಲಿ ಮೇಲಿನ ಸಂಬಳದವರಿಗೆ ಒಂದು ಗುಂಪು ಪಾಲಿಸಿಯಿತ್ತು. ಅದರಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರಲಿಲ್ಲ, ಅಷ್ಟರಮಟ್ಟಿಗೆ ಬದುಕಿದೆವು. ಆದರೆ ಅದೂ ಹಾಸಿಗೆಯ ಪಾಲಿಸಿಯೇ. ತಿಂಗಳ ಮಾತ್ರೆ, ರಕ್ತಪರೀಕ್ಷೆ ಕೈಯಿಂದ. ಕೆಲವು ತಿಂಗಳು ಅಮ್ಮ ನಮಗೆ ಹೇಳದೆ ವಾರದ ಮಾತ್ರೆಯನ್ನು ಹತ್ತು ದಿನಕ್ಕೊಮ್ಮೆ ಮಾಡಿಕೊಂಡಿದ್ದಳು. ಅದು ಗೊತ್ತಾಗುವ ಹೊತ್ತಿಗೆ ಎಡಗೈಯ ಎರಡು ಬೆರಳು ವಾಲಿದ್ದವು. ಡಾಕ್ಟರು ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು ಡ್ರಿಪ್ಪಿನಲ್ಲಿ, ಎರಡು ವಾರದ ಅಂತರದಲ್ಲಿ ಎರಡು ಸಲ ಕೊಡಬೇಕೆಂದರು. ಕೊಡುವ ಮುನ್ನ ಎದೆಯ ಎಕ್ಸ್‌ರೇ ಬರೆದರು. ಕ್ಷಯ ಅಡಗಿದೆಯೇ ಎಂದು ನೋಡಲು. ಇಡೀ ದಿನ ಪತ್ರಾಗಾರದಲ್ಲಿ ಓದುವ ಆ ಪದ ಅಮ್ಮನ ಚೀಟಿಯಲ್ಲಿ ಕಂಡು ಬೆಚ್ಚಿದೆ. ಎಕ್ಸ್‌ರೇ ಸರಿಯಾಗಿಯೇ ಇತ್ತು. ಎರಡು ಸರದಿ ಸೇರಿ 74,000 ರೂಪಾಯಿ ಆಯಿತು. ಆಮೇಲೆ ಬಂದದ್ದು ಆ ಎರಡು ಸಾಲಿನ ಪತ್ರ.

*

24 ಗಂಟೆಯ ಗೆರೆ ಅಲುಗಾಡದ ಗೆರೆಯಲ್ಲ. ಡಯಾಲಿಸಿಸ್, ಕೀಮೋಥೆರಪಿಯಂಥವನ್ನು 'ಡೇ ಕೇರ್' ಎಂದು ಒಪ್ಪಿಕೊಂಡು ಬಹಳ ಕಾಲವಾಯಿತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ, ಒಳರೋಗಿಯಾಗಿಯೋ ಡೇ ಕೇರ್ ಆಗಿಯೋ ಕೊಡಬೇಕು ಎಂದಿತು. ಮೋನೋಕ್ಲೋನಲ್ ಆ್ಯಂಟಿಬಾಡಿಯನ್ನು ಇಂಜೆಕ್ಷನ್ನಾಗಿ ಕೊಡುವ ಚಿಕಿತ್ಸೆ ಅದರಲ್ಲೊಂದು. ರಿಟುಕ್ಸಿಮ್ಯಾಬ್ ಆ ಜಾತಿಯದೇ. ಈ ಮೂರನೆಯ ಪಟ್ಟಿಯಲ್ಲಿ ಅಮ್ಮನಿಗೊಂದು ಸಾಲು ಸಿಕ್ಕಿತು.

ಪಾಲಿಸಿಯ ಪೂರ್ತಿ ಕರಾರು ತರಿಸಿ ಆ ಸಾಲಿಗೆ ಗುರುತು ಹಾಕಿದೆ. ಯಾಕೆ ಈ ಔಷಧಿ, ಯಾಕೆ ಡ್ರಿಪ್ಪಿನಲ್ಲಿ, ಯಾಕೆ ಆಸ್ಪತ್ರೆಯ ನಿಗಾದಲ್ಲಿ ಎಂದು ಡಾಕ್ಟರಿಂದ ಅರ್ಧ ಪುಟ ಬರೆಸಿಕೊಂಡೆ. ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಅದೇ ಉತ್ತರ ಬಂತು. ಅಲ್ಲಿಂದ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆ. ಕಂಪನಿ ನಿರಾಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿಚಾರಣೆಯಾಗಿ, ಆಸ್ಪತ್ರೆಯ ಕೆಲವು ಚಿಲ್ಲರೆ ಬಾಬುಗಳನ್ನು ಕಳೆದು ಉಳಿದದ್ದನ್ನು ಕೊಡಬೇಕೆಂದು ಆದೇಶವಾಯಿತು. 61,000 ರೂಪಾಯಿ ಬಂತು.

ಪಿಎಚ್.ಡಿ. ಮಾಡುವ ಮಗಳಿಗೆ ಇದಕ್ಕೆ ಏಳು ತಿಂಗಳು ಬೇಕಾಯಿತು. ಅಂಥ ಮಗಳಿಲ್ಲದ ಮನೆಗಳಲ್ಲಿ ಎರಡು ಸಾಲಿನ ಪತ್ರವೇ ಕೊನೆಯ ಮಾತಾಗಿ ಬೀರುವಿನಲ್ಲಿ ಉಳಿಯುತ್ತದೆ.

ನಿಯಮಗಳು ಸಡಿಲವಾಗುತ್ತಿವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿ 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಯಿತು. ನಮ್ಮ ರಾಜ್ಯದಲ್ಲಿ 2003ರಿಂದ ನಡೆದ ಯಶಸ್ವಿನಿ ತಿಂಗಳಿಗೆ ಐದು ರೂಪಾಯಿಗೆ ಸಹಕಾರಿ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು, ಅದೊಂದು ದೊಡ್ಡ ಸಾಹಸ. 2018ರ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ. ಆದರೆ ಎರಡರ ಕೇಂದ್ರವೂ ಆಸ್ಪತ್ರೆಯೇ. ಸಕ್ಕರೆ ಕಾಯಿಲೆಯವನ ಕಾಲು ಕತ್ತರಿಸಲು ಹಣ ಸಿಗುತ್ತದೆ, ಕಾಲು ಉಳಿಸುವ ತಿಂಗಳ ಮಾತ್ರೆಗೆ ಆ ವಿಮೆಯಲ್ಲಿ ಬಾಬಿಲ್ಲ. ಜರ್ಮನಿಯ ವಿಮಾ ಗುಮಾಸ್ತರು 1890ರ ದಶಕದಲ್ಲೇ ಹಾಕಿದ್ದ ಲೆಕ್ಕ ಇದು. ಕಾಯಿಲೆ ಬಿಗಡಾಯಿಸಿದರೆ ಆಗುವ ನಷ್ಟ ಯಾರ ಖಾತೆಗೆ ಬೀಳುತ್ತದೋ ಅವರು ಮಾತ್ರ ಮಾತ್ರೆಯ ಖರ್ಚನ್ನು ಉಳಿತಾಯವೆಂದು ನೋಡುತ್ತಾರೆ. ಅಮ್ಮನ ಬೆರಳು ವಾಲಿದ್ದರ ನಷ್ಟ ಯಾವ ಕಂಪನಿಯ ಖಾತೆಯಲ್ಲೂ ಇಲ್ಲ.

ಹಣ ಬಂದ ದಿನ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಬಿಸ್ಮಾರ್ಕ್, ಅದಾರ್ಕರ್, ಬೆಂಕಿ ವಿಮೆ ಎಲ್ಲವನ್ನೂ. ಅವಳು ಹುರುಳಿಕಾಯಿ ಮುರಿಯಲು ಹೆಣಗುತ್ತಲೇ ಕೇಳಿಸಿಕೊಂಡಳು. ಹಿಡಿದು ನಿಲ್ಲಿಸಿ ಕೇಳಿದ್ದು ಮದರಾಸಿನ ಕಥೆಯನ್ನು ಮಾತ್ರ.

"ಮನೇಲಿದ್ದೋರೂ ಅಷ್ಟೇ ಚೆನ್ನಾಗಿ ವಾಸಿಯಾದ್ರಾ?"

"ಹೂಂ ಅಮ್ಮ. ಮಾತ್ರೆ ಬಿಡದೆ ತಗೊಂಡೋರು."

"ಮಾತ್ರೆ ಯಾರು ಕೊಟ್ರು?"

"ಅವರೇ ಕೊಟ್ರು. ಕ್ಲಿನಿಕ್ಕಿನಿಂದ, ದುಡ್ಡಿಲ್ದೆ."

"ಮತ್ತೆ!" ಎಂದು ಅಮ್ಮ ಹುರುಳಿಕಾಯಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಉಳಿದದ್ದನ್ನು ನಾನು ಮುರಿದೆ.